‘ಮಾರ್ಗ್’ ಕಲಾಪತ್ರಿಕೆ: ಮೂರು ದಶಕದ ಚಂದಾದಾರನ ಮಾತು

ನಾನು ಬಾಗಲಕೋಟೆ ಕಡೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದವನು. 1993ರಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ‘ಮಾರ್ಗ್’ ಪತ್ರಿಕೆಯ ಒಂದು ಸಂಚಿಕೆ ಸಿಕ್ಕಿತು. ಎಪ್ಪತ್ತರ ದಶಕದ ಕೊನೆಯಲ್ಲಿ ಬಂದದ್ದು. ಐಹೊಳೆ, ಬಾದಾಮಿ, ಮಹಾಕೂಟ, ಪಟ್ಟದಕಲ್ಲುಗಳಿಗೇ ಮೀಸಲಾದದ್ದು. ನಲವತ್ತು ರೂಪಾಯಿ ಕೊಟ್ಟು ತಂದೆ. ಮರುವರ್ಷ ಚಂದಾದಾರನಾದೆ. ಮಗಳ ಓದಿನ ಖರ್ಚು ಮೇಲೆ ಬಿದ್ದ ಎರಡು ವರ್ಷಗಳನ್ನು ಬಿಟ್ಟರೆ, ಮೂರು ತಿಂಗಳಿಗೊಮ್ಮೆ ಅದು ಮನೆಗೆ ಬರುತ್ತಲೇ ಇದೆ.

ಆ ಹಳೆಯ ಸಂಚಿಕೆಯನ್ನು ಚೀಲದಲ್ಲಿಟ್ಟುಕೊಂಡು ಒಂಬತ್ತನೆಯ ತರಗತಿಯ ಮಕ್ಕಳನ್ನು ಐಹೊಳೆಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಆ ಗುಡಿಗಳು ಹೊಸವಲ್ಲ. ಲಾಡ್‌ಖಾನ್ ಗುಡಿಗೆ ಒಂದು ಕಾಲದಲ್ಲಿ ಅಲ್ಲಿ ವಾಸವಾಗಿದ್ದವನ ಹೆಸರೇ ಅಂಟಿಕೊಂಡಿದೆ ಎಂಬುದೂ, ದುರ್ಗಾ ಗುಡಿಯ ಹೆಸರು ದೇವಿಯಿಂದಲ್ಲ, ಪಕ್ಕದ ಕೋಟೆಯಿಂದ ಬಂದದ್ದು ಎಂಬುದೂ ಅವರಲ್ಲಿ ಕೆಲವರಿಗೆ ಗೊತ್ತಿತ್ತು. ಆದರೆ ಮುಂಬಯಿಯಲ್ಲಿ ಅಚ್ಚಾದ ನುಣುಪು ಹಾಳೆಯ ಮೇಲೆ ತಮ್ಮ ಸೀಮೆಯ ಕಂಬಗಳನ್ನು ಕಂಡಾಗ ಮಾತು ನಿಂತುಹೋಯಿತು. ಒಬ್ಬ ಹುಡುಗ ಪುಟವನ್ನು ಎತ್ತಿ ಹಿಡಿದು ಹಿಂದೆ ಮುಂದೆ ನಡೆಯುತ್ತಾ, ಕೊನೆಗೆ ಒಂದು ಕಡೆ ನಿಂತು ಹೇಳಿದ: “ಸರ್, ಫೋಟೊ ತೆಗೆದವರು ನಿಂತದ್ದು ಇಲ್ಲೇ. ಆದರೆ ಬೆಳಗಿನ ಹೊತ್ತು. ನೆರಳು ಆ ಕಡೆ ಬಿದ್ದಿದೆ, ನೋಡಿ.” ಕಪ್ಪು–ಬಿಳುಪು ಚಿತ್ರ ಅವನಿಗೆ ಅದನ್ನು ಕಲಿಸಿತು. ಕಲ್ಲಿನ ಕೆಂಪು ಬಣ್ಣ ಕಣ್ಣಿಗೆ ಕಟ್ಟಿದ್ದಾಗ ಕಾಣದ ಉಬ್ಬುತಗ್ಗು, ಬಣ್ಣ ಕಳಚಿದ ಮೇಲೆ ಕಂಡಿತು. ಇಷ್ಟು ವರ್ಷ ಹಣ ಕೊಟ್ಟು ಈ ಪತ್ರಿಕೆಯನ್ನು ಯಾಕೆ ತರಿಸುತ್ತೀರಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಆ ಮಧ್ಯಾಹ್ನದ ಕಥೆಯನ್ನೇ.

ಪತ್ರಿಕೆ ಹುಟ್ಟಿದ್ದು 1946ರ ಅಕ್ಟೋಬರಿನಲ್ಲಿ, ಬೊಂಬಾಯಿಯಲ್ಲಿ. ಕಟ್ಟಿದವರು ಕಾದಂಬರಿಕಾರ ಮುಲ್ಕ್ ರಾಜ್ ಆನಂದ್. ಕೈಯಲ್ಲಿದ್ದ ಬಂಡವಾಳ ಜೆ.ಆರ್.ಡಿ. ಟಾಟಾ ಒದಗಿಸಿದ ಏಳು ಜಾಹೀರಾತು, ಎರಡು ಕೋಣೆ. ಆಧುನಿಕ ವಾಸ್ತುಶಿಲ್ಪ ಸಂಶೋಧನಾ ಬಳಗ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ‘ಮಾರ್ಗ್’ ಆಯಿತು. ದಾರಿ ಎಂಬ ನಮ್ಮ ಅರ್ಥವೂ ಕೂಡಿಬಂತು. ಕಲಾಪತ್ರಿಕೆಯೆಂದು ನಾವು ಈಗ ಕರೆಯುವುದು ಮೊದಲಿಗೆ ಮನೆ, ಬೀದಿ, ಊರುಗಳ ಚಿಂತೆಯಿಂದ ಶುರುವಾಯಿತು. ಸಿಂಹಳದ ವಾಸ್ತುಶಿಲ್ಪಿ ಮಿನೆಟ್ ಡಿ ಸಿಲ್ವಾ, ಅವರ ಅಕ್ಕ ಅನಿಲ್ ಡಿ ಸಿಲ್ವಾ ಆರಂಭದ ಬಳಗದಲ್ಲಿದ್ದರು. ಇನ್ನೊಬ್ಬರ ಹೆಸರು ಕನ್ನಡಿಗರಿಗೆ ಗೊತ್ತಿರಬೇಕು: ಒಟ್ಟೊ ಕ್ಯೋನಿಗ್ಸ್‌ಬರ್ಗರ್. ಹಿಟ್ಲರನ ಜರ್ಮನಿಯನ್ನು ಬಿಟ್ಟು 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರವೇ. ಇದನ್ನು ತಿಳಿದ ಮೇಲೆ ಆ ಆವರಣದೊಳಗೆ ಹೋದಾಗಲೆಲ್ಲ ಬಿಸಿಲು ತಡೆಯುವ ಚಾಚುಗಳನ್ನು, ಗಾಳಿಗೆ ಬಿಟ್ಟ ದಾರಿಗಳನ್ನು ಹುಡುಕುತ್ತೇನೆ.

ಆನಂದರ ಮೊದಲ ಸಂಪಾದಕೀಯದ ತಲೆಬರಹ ಯೋಜನೆ ಮತ್ತು ಕನಸು ಎಂಬ ಅರ್ಥದ್ದು. ಹತ್ತೊಂಬತ್ತು ವರ್ಷಗಳ ನಂತರ, 1965ರ ಜೂನ್ ಸಂಚಿಕೆ ಅದೇ ಮಾತನ್ನು ಬೊಂಬಾಯಿಗೆ ಅನ್ವಯಿಸಿತು. ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಎಂಜಿನಿಯರ್ ಶಿರೀಷ್ ಪಟೇಲ್ ಮೂವರೂ ಸೇರಿ, ಊರು ಉತ್ತರಕ್ಕೇ ಉದ್ದವಾಗುತ್ತಾ ಹೋಗುವುದು ಬೇಡ, ಕೊಲ್ಲಿಯನ್ನು ದಾಟಿ ಪೂರ್ವದ ನೆಲದ ಮೇಲೆ ಹೊಸ ನಗರವಾಗಲಿ ಎಂದು ಅದರಲ್ಲಿ ವಾದಿಸಿದರು. 1970ರಲ್ಲಿ ಅದಕ್ಕಾಗಿಯೇ ಸರ್ಕಾರದ ನಿಗಮವೊಂದು ಸ್ಥಾಪನೆಯಾಯಿತು. ಆ ಹೊಸ ನಗರವೇ ಇಂದಿನ ನವಿ ಮುಂಬಯಿ. ಒಂದು ಕಲಾಪತ್ರಿಕೆಯ ಪುಟಗಳಲ್ಲಿ ಇಂಥ ಮಾತು ನಡೆದಿತ್ತು ಎಂಬುದು ನನಗೆ ಇವತ್ತಿಗೂ ಮೈ ನವಿರೇಳಿಸುತ್ತದೆ.

ಆನಂದರು 1981ರವರೆಗೆ ಸಂಪಾದಕರಾಗಿದ್ದರು. ನಂತರ ಬಂದ ಸರಯೂ ದೋಶಿಯವರು ಅದೇ ವರ್ಷದ ಮಹಾಮಸ್ತಕಾಭಿಷೇಕದ ಹೊತ್ತಿಗೆ ಶ್ರವಣಬೆಳಗೊಳದ ಕುರಿತು ಸಂಪಾದಿಸಿದ ಸಂಪುಟ ನನ್ನ ಕಪಾಟಿನಲ್ಲಿ ಅತಿ ಹೆಚ್ಚು ಸವೆದದ್ದು. ತೊಂಬತ್ತರ ದಶಕದಿಂದ ಪ್ರತಾಪಾದಿತ್ಯ ಪಾಲ್ ಅವರ ಕಾಲ. ನನ್ನ ಅಭಿಪ್ರಾಯದಲ್ಲಿ ಪತ್ರಿಕೆ ಆಗ ಹೆಚ್ಚು ಖಚಿತವಾಯಿತು, ಅಡಿಟಿಪ್ಪಣಿಗಳು ಬೆಳೆದವು, ಮುದ್ರಣ ಅಪ್ಪಟ ಚಿನ್ನದಂತಾಯಿತು. ಆದರೆ ಆನಂದರ ಜಗಳಗಂಟ ದನಿ ಕಡಿಮೆಯಾಯಿತು. ಸ್ತೂಪದ ಪಕ್ಕದಲ್ಲೇ ಹೊಸ ಕೊಳೆಗೇರಿಯ ಮಾತನ್ನೂ ಎತ್ತಬಲ್ಲ ಆ ಧೈರ್ಯಕ್ಕಾಗಿ ನಾನು ಹಳೆಯ ಸಂಚಿಕೆಗಳಿಗೆ ಮರಳುತ್ತೇನೆ.

ಇನ್ನು ಬಳಕೆಯ ಮಾತು. ಬೆಲೆ ಹೆಚ್ಚು; ಶಿಕ್ಷಕನ ಸಂಬಳಕ್ಕೆ ಅದು ಪ್ರತಿ ಸಲ ಯೋಚಿಸಬೇಕಾದ ಖರ್ಚೇ ಆಗಿತ್ತು. ಇಂಗ್ಲಿಷ್ ಬಿಗಿಯಾದದ್ದು. ಮೊದಲ ಐದು ವರ್ಷ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದ್ದೇನೆ. ಹಾಗೆಂದು ಬರೀ ಚಿತ್ರ ನೋಡಿ ಮುಚ್ಚಿಡಬೇಡಿ, ನಕ್ಷೆಗಳ ಕೆಳಗಿನ ಸಣ್ಣಕ್ಷರದ ವಿವರಣೆಯಲ್ಲೇ ಅರ್ಧ ಜ್ಞಾನವಿದೆ.

ಆರ್ಟ್ ಪೇಪರಿಗೆ ನೀರು ಶತ್ರು. ಒಂದು ಮಳೆಗಾಲದಲ್ಲಿ ಕೊರಿಯರ್‌ನವರು ಲಕೋಟೆಯನ್ನು ಗೇಟಿನ ಹೊರಗೆ ಎಸೆದುಹೋದರು. ಸಂಜೆ ಬಿಚ್ಚಿದಾಗ ಪುಟಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಆ ಹಾಳೆಯ ನುಣುಪು ಬರುವುದೇ ಮೇಲೆ ಬಳಿದ ಜೇಡಿಯಿಂದ. ಒದ್ದೆಯಾಗಿ ಒಣಗಿದರೆ ಅದು ಅಂಟಾಗುತ್ತದೆ. ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಒದ್ದೆಯಿರುವಾಗಲೇ ಪುಟಪುಟವಾಗಿ ಬಿಡಿಸಿ, ನಡುವೆ ಬಟರ್ ಪೇಪರ್ ಇಟ್ಟು ನೆರಳಿನಲ್ಲಿ ಒಣಗಿಸಬೇಕಿತ್ತೆಂದು ತಿಳಿಯುವಷ್ಟರಲ್ಲಿ ತಡವಾಗಿತ್ತು. ಆ ಸಂಚಿಕೆಯನ್ನು ಎಸೆಯಲು ಮನಸ್ಸಾಗದೆ ಹಾಗೇ ಇಟ್ಟಿದ್ದೇನೆ. ಉಳಿದವನ್ನು ಅಡ್ಡಲಾಗಿ ಮಲಗಿಸಿ ಜೋಡಿಸಿದ್ದೇನೆ, ನಿಲ್ಲಿಸಿದರೆ ಹಾಳೆಗಳ ಭಾರಕ್ಕೆ ಬೆನ್ನು ಜಗ್ಗುತ್ತದೆ. ಕಪಾಟಿನ ಮೂಲೆಯಲ್ಲಿ ಒಣಗಿದ ಬೇವಿನೆಲೆ ಇರುತ್ತದೆ, ಯುಗಾದಿಗೊಮ್ಮೆ ಬದಲಿಸುತ್ತೇನೆ.

1946ರ ಮೊದಲ ಸಂಚಿಕೆ ನನ್ನ ಬಳಿ ಇಲ್ಲ. ಓದುಗರಲ್ಲಿ ಯಾರ ಬಳಿಯಾದರೂ ಇದ್ದರೆ ಮಾರಬೇಕಿಲ್ಲ, ಕೊಡಬೇಕಿಲ್ಲ. ಒಂದು ಮಧ್ಯಾಹ್ನ ನಿಮ್ಮ ಮನೆಯಲ್ಲೇ ಕುಳಿತು ನೋಡಲು ಬಿಟ್ಟರೆ ಸಾಕು, ಎಷ್ಟೇ ದೂರವಾದರೂ ನಾನೇ ಬರುತ್ತೇನೆ.