ಬೆಕ್ಕಿಗೆ ಉಣುಗು: ತಿಂಗಳ ಹನಿ, ಕಾಲರ್, ಮಾತ್ರೆ ಎಲ್ಲ ನೋಡಿ ಮೂರು ತಿಂಗಳ ಹನಿಗೆ ಬಂದೆ

ನಮ್ಮ ಬೆಕ್ಕು ಬೂದಿಯ ಕಿವಿಯ ಹಿಂದೆ ಅದು ಕೈಗೆ ಸಿಕ್ಕಾಗ ಮೊದಲು ನರೂಲಿ ಅಂದುಕೊಂಡೆ. ಹರಳು ಬೀಜದಷ್ಟು ದಪ್ಪ, ಬೂದು ಬಣ್ಣ. ಕೂದಲು ಬಿಡಿಸಿ ನೋಡಿದರೆ ಬುಡದಲ್ಲಿ ಪುಟ್ಟ ಪುಟ್ಟ ಕಾಲು. ರಕ್ತ ಕುಡಿದು ಉಬ್ಬಿದ ಉಣುಗು. ಉಣುಗು ಕೊಲ್ಲಲು ತಿಂಗಳಿಗೊಮ್ಮೆ ಚರ್ಮಕ್ಕೆ ಹಾಕಬೇಕಾದ ಫಿಪ್ರೊನಿಲ್ ಎಂಬ ಔಷಧಿಯ ಹನಿಯನ್ನು ಆ ಸಲ ಎರಡು ವಾರ ತಡಮಾಡಿದ್ದೆ. ಕೆಲವೇ ದಿನಗಳಲ್ಲಿ ಅವನಿಗೆ ಜ್ವರ ಬಂತು, ಊಟ ಬಿಟ್ಟ, ಮಂಚದ ಕೆಳಗಿನಿಂದ ಹೊರಗೇ ಬರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಅನಾಪ್ಲಾಸ್ಮಾ, ಅಂದರೆ ಉಣುಗು ಕಚ್ಚಿ ಹರಡುವ ಬ್ಯಾಕ್ಟೀರಿಯಾ ಸೋಂಕು ಅಂತ ಗೊತ್ತಾಯಿತು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ. ಈ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ, ಹಾಗಾಗಿ ಪ್ರತಿ ಸಲವೂ ಹಿಂದೆಯೇ ಸಿರಿಂಜಿನಲ್ಲಿ ಸ್ವಲ್ಪ ನೀರು ಕುಡಿಸಬೇಕಿತ್ತು. ಬೂದಿ ಉಳಿದ. ಈಗ ನಮ್ಮ ಎರಡೂ ಬೆಕ್ಕಿಗೆ ಫ್ಲುರಲನರ್ ಎಂಬ ಔಷಧಿ ಇರುವ, 12 ವಾರಕ್ಕೊಮ್ಮೆ ಹಾಕುವ ಹನಿ.

ತಿಂಗಳ ಹನಿ ಕೆಟ್ಟದ್ದಲ್ಲ. ಸರಿಯಾದ ದಿನಕ್ಕೆ ಹಾಕಿದಷ್ಟು ಕಾಲ ಅದು ಕೆಲಸ ಮಾಡಿತ್ತು. ತೊಂದರೆ ಇದ್ದದ್ದು ಹಾಕುವ ದಿನದಲ್ಲಿ. ತಲೆಬುರುಡೆ ಮುಗಿದು ಕುತ್ತಿಗೆ ಶುರುವಾಗುವ ಜಾಗದಲ್ಲಿ ಕೂದಲು ಸೀಳಿ, ಬಿಳಿ ಚರ್ಮ ಕಾಣುವ ಹಾಗೆ ಹಿಡಿದು, ಟ್ಯೂಬಿನ ತುದಿಯನ್ನು ಚರ್ಮಕ್ಕೇ ತಾಗಿಸಿ ಹಿಂಡಬೇಕು. ಬೂದಿಯ ಕೂದಲು ದಟ್ಟ. ಒಂದು ಕೈಯಲ್ಲಿ ಸೀಳಿ ಇನ್ನೊಂದರಲ್ಲಿ ಹಿಂಡುವಷ್ಟರಲ್ಲಿ ಅವನು ತಲೆ ಕೊಡವುತ್ತಾನೆ, ಅರ್ಧ ಔಷಧಿ ಕೂದಲ ಮೇಲೆ ನಿಲ್ಲುತ್ತದೆ. ಕೂದಲ ಮೇಲೆ ನಿಂತದ್ದು ಚರ್ಮಕ್ಕೆ ಇಳಿಯುವುದಿಲ್ಲ.

ಅವನ ನಾಲಿಗೆಗೆ ಆ ಜಾಗ ಎಟುಕುವುದಿಲ್ಲ, ಆದರೆ ನಮ್ಮ ಇನ್ನೊಂದು ಬೆಕ್ಕು ಚುಕ್ಕಿಯ ನಾಲಿಗೆಗೆ ಎಟುಕುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೆಕ್ಕಿಕೊಂಡೇ ಮಲಗುವವರು. ಒಂದು ಸಲ ಹನಿ ಹಾಕಿ ಕೈ ತೊಳೆದು ಬರುವಷ್ಟರಲ್ಲಿ ಚುಕ್ಕಿಯ ಬಾಯಿಂದ ನೊರೆ ನೊರೆಯಾಗಿ ಜೊಲ್ಲು ಸುರಿಯುತ್ತಿತ್ತು. ಕಹಿಗೆ ಹಾಗಾಗುತ್ತದೆ, ಬಾಯಿ ಒರೆಸಿ ನೀರಿಡಿ ಅಂತ ಡಾಕ್ಟರು ಫೋನಿನಲ್ಲೇ ಹೇಳಿದರು. ಸಂಜೆಗೆ ಸರಿಯೂ ಹೋದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲಿಂದ ಹನಿ ಹಾಕಿದ ದಿನ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂಡಿ ಹಾಕುತ್ತೇನೆ. ರಾತ್ರಿಯೆಲ್ಲ ಬಾಗಿಲು ಪರಚುತ್ತಾರೆ, ಅಳುತ್ತಾರೆ.

ಮೂರು ತಿಂಗಳ ಹನಿಯಲ್ಲೂ ಈ ರಗಳೆ ಇದ್ದೇ ಇದೆ. ಆದರೆ ವರ್ಷಕ್ಕೆ 12 ಸಲ ಪಡುತ್ತಿದ್ದ ಪಾಡು 4 ಸಲಕ್ಕೆ ಇಳಿಯಿತು, ಮರೆಯುವ ಅವಕಾಶವೂ ಅಷ್ಟೇ ಕಡಿಮೆಯಾಯಿತು. ದಿನಾಂಕ ನೆನಪಿಟ್ಟುಕೊಳ್ಳುವುದು ನನ್ನಿಂದಾಗದ ಕೆಲಸ, ಅದಕ್ಕೆ ಬೆಲೆ ಕೊಟ್ಟವನು ಬೂದಿ. ನನಗೆ ಇದೊಂದೇ ಕಾರಣ ಸಾಕು.

ಕಾಲರ್, ಅಂದರೆ ಔಷಧಿ ಸೇರಿಸಿದ ಕುತ್ತಿಗೆ ಪಟ್ಟಿ, ಅಗ್ಗಕ್ಕೆ ಬೀಳುತ್ತದೆ. ಇಮಿಡಾಕ್ಲೋಪ್ರಿಡ್ ಮತ್ತು ಫ್ಲುಮೆಥ್ರಿನ್ ಎಂಬ ಎರಡು ಕೀಟನಾಶಕ ಸೇರಿದ್ದು 8 ತಿಂಗಳವರೆಗೆ ಬರುತ್ತದೆ. ಅದರಲ್ಲಿ ನನಗೆ ನಿಜಕ್ಕೂ ಇಷ್ಟವಾದದ್ದು, ಕಚ್ಚುವುದಕ್ಕೂ ಮುಂಚೆಯೇ ಉಣುಗನ್ನು ದೂರವಿಡುವ ಗುಣ. ಎಳೆದರೆ ಬಿಚ್ಚಿಕೊಳ್ಳುವ ಕೊಂಡಿಯೂ ಬೇಕೇ ಬೇಕು, ಇಲ್ಲದಿದ್ದರೆ ಕೊಂಬೆಗೆ ಸಿಕ್ಕಿ ಬೆಕ್ಕಿನ ಪ್ರಾಣಕ್ಕೇ ಸಂಚಕಾರ. ಆದರೆ ಬೂದಿ ಮೂರನೇ ವಾರವೇ ಅದನ್ನು ಬೇಲಿಯಲ್ಲಿ ಕಳೆದು ಬಂದ. ಚುಕ್ಕಿಗೆ ಕುತ್ತಿಗೆ ಸುತ್ತ ಕೂದಲು ಉದುರಿ ಚರ್ಮ ಕೆಂಪಾಯಿತು, ತೆಗೆದೆ. ಮನೆಯೊಳಗೇ ಇರುವ, ತಂಟೆ ಮಾಡದ ಬೆಕ್ಕಾದರೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ನಾನೂ ಇದನ್ನೇ ಹೇಳುತ್ತೇನೆ.

ಉಣುಗು ಕೊಲ್ಲುವ ಲೋಟಿಲನರ್ ಮಾತ್ರೆ ತಿಂಗಳಿಗೊಂದು, ಊಟದ ಜೊತೆಗೇ ಕೊಡಬೇಕು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ನುಂಗಿದ ಬೂದಿ ಮಾತ್ರೆಯ ಹಾಳೆ ಸದ್ದಾದರೂ ಓಡುತ್ತಾನೆ. ಅಲ್ಲಿಗೆ ಬಿಟ್ಟೆ.

ಇನ್ನೊಂದು ಮಾತು, ಇದು ಹೋಲಿಕೆಯ ವಿಷಯವೇ ಅಲ್ಲ. ನಾಯಿಯ ಹನಿಯನ್ನು ಸ್ವಲ್ಪವೇ ಹಾಕಿದರೆ ಏನಾಗುತ್ತೆ ಅಂತ ದಯವಿಟ್ಟು ಯೋಚಿಸಬೇಡಿ. ಅವುಗಳಲ್ಲಿ ಕೆಲವಕ್ಕೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸೇರಿಸಿರುತ್ತಾರೆ. ಅದನ್ನು ಬೇಗ ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ನಡುಕ, ಫಿಟ್ಸ್ ಬಂದು ಬೆಕ್ಕು ಸಾಯಬಹುದು. ಟೀ ಟ್ರೀ ಎಣ್ಣೆಯೂ ಬೆಕ್ಕಿಗೆ ವಿಷವೇ.

ಫ್ಲುರಲನರ್‌ಗೂ ಮಿತಿಗಳಿವೆ. ಉಣುಗು ಕಚ್ಚಿ ರಕ್ತ ಹೀರಿದ ಮೇಲೆಯೇ ಸಾಯುವುದು. ಕೆಲವು ಜಾತಿಯ ಉಣುಗಿಗೆ 12 ವಾರ ಪೂರ್ತಿ ತಡೆಯುವುದಿಲ್ಲ, ಎಂಟು ವಾರಕ್ಕೇ ಪ್ರಭಾವ ಮುಗಿಯುತ್ತದೆ. 1.2 ಕಿಲೋಗಿಂತ ಹಗುರವಾದ ಮರಿಗೆ ಹಾಕುವಂತಿಲ್ಲ, ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ಒಂದೇ ಸಲಕ್ಕೆ ಕೊಡುವ ದುಡ್ಡು ಕೈಗೆ ಬಿಸಿ ಮುಟ್ಟಿಸುತ್ತದೆ. ನಾನು ಅದನ್ನು ಬೂದಿಯ ಆಸ್ಪತ್ರೆ ಬಿಲ್ಲಿನ ಪಕ್ಕದಲ್ಲಿಟ್ಟು ನೋಡುತ್ತೇನೆ.

ಹನಿ ಹಾಕಿದೆ ಅಂತ ಕೈ ಹಾಕಿ ಹುಡುಕುವುದನ್ನು ಬಿಟ್ಟಿಲ್ಲ. ರಾತ್ರಿ ಅವರು ಮಡಿಲಿಗೆ ಬಂದಾಗ ಕಿವಿಯ ಸುತ್ತ, ಗಲ್ಲದ ಕೆಳಗೆ, ಬೆರಳ ಸಂದಿ ಎಲ್ಲ ತಡವುತ್ತೇನೆ. ಸಿಕ್ಕರೆ ಎಣ್ಣೆ ಸುರಿಯುವುದಿಲ್ಲ, ಬೆಂಕಿ ತಾಗಿಸುವುದಿಲ್ಲ. ಚೂಪು ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು, ತಿರುಚದೆ, ನಿಧಾನಕ್ಕೆ ನೇರವಾಗಿ ಎಳೆಯುತ್ತೇನೆ. ಹೋದ ವಾರ ಚುಕ್ಕಿಯ ಕತ್ತಿನಲ್ಲಿ ಒಂದು ಸಿಕ್ಕಿತು, ಎಳ್ಳಿನಷ್ಟು, ಒಣಗಿ ಸತ್ತಿತ್ತು.