ಕೆರೆಯ ದಂಡೆ, ಜಿಮ್, ಜಮಖಾನ, ಸಂಜೆಯ ಬೀದಿ: ಎರಡು ಚಳಿಗಾಲಗಳ ಲೆಕ್ಕ

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಎರಡು ವರ್ಷಗಳ ಕ್ಯಾಲೆಂಡರ್‌ಗಳು ಒಂದರ ಮೇಲೊಂದು ತೂಗುತ್ತಿವೆ. ಹಳೆಯದನ್ನು ತೆಗೆದುಹಾಕಲು ನಾನು ಬಿಟ್ಟಿಲ್ಲ. ವ್ಯಾಯಾಮ ಮಾಡಿದ ದಿನಕ್ಕೆ ಕೆಂಪು ಚುಕ್ಕೆ ಇಟ್ಟಿದ್ದೇನೆ, ಮಾಡದ ದಿನವನ್ನು ಖಾಲಿ ಬಿಟ್ಟಿದ್ದೇನೆ. ಯುಗಾದಿಯಿಂದ ದಸರೆಯವರೆಗೆ ಚುಕ್ಕೆಗಳು ಒತ್ತಾಗಿವೆ. ದೀಪಾವಳಿ ದಾಟಿದ ಮೇಲೆ ನೋಡಿದರೆ, ಮಳೆ ಕೈಕೊಟ್ಟ ವರ್ಷದ ಹೊಲದಂತೆ ಅಲ್ಲೊಂದು ಇಲ್ಲೊಂದು.

ನನಗೆ ನಲವತ್ತೇಳು ವರ್ಷ. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ, ಮನೆ ವಿದ್ಯಾನಗರದಲ್ಲಿದೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯಲ್ಲಿ ನನಗೆ 6.2 ಬಂದಾಗ ವೈದ್ಯರು ಮಾತ್ರೆ ಬರೆಯಲಿಲ್ಲ. 5.7ರಿಂದ 6.4ರವರೆಗಿನದು ಕಾಯಿಲೆಯ ಹೊಸ್ತಿಲು, ಇಲ್ಲಿಂದ ಹಿಂದಕ್ಕೆ ಬರಬಹುದು ಎಂದರು. ವಾರಕ್ಕೆ 150 ನಿಮಿಷವಾದರೂ ಮೈ ಬಿಸಿಯಾಗುವ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಅದು ನನಗೆ ಕಷ್ಟವಾಗಲಿಲ್ಲ. ಕಾರ್ತಿಕದಿಂದ ಶಿವರಾತ್ರಿಯವರೆಗಿನ ಸುಮಾರು ನಾಲ್ಕು ತಿಂಗಳಲ್ಲಿ ಎಲ್ಲವೂ ಕೈತಪ್ಪುತ್ತಿತ್ತು.

ಇದನ್ನು ಹೇಳಿದಾಗ ಅಪ್ಪಾಜಿ ಬೇಸರಪಟ್ಟರು. ಅವರಿಗೆ ಎಪ್ಪತ್ತೆಂಟು. ಹತ್ತಿ ಗಿರಣಿಯಲ್ಲಿ ಪಾಳಿ ಮುಗಿಸಿ ನೇರ ಗರಡಿ ಮನೆಗೆ ಹೋಗುತ್ತಿದ್ದ ಕಾಲದವರು. "ಚಳಿಗಾಲ ಸಾಮು ಮಾಡುವ ಕಾಲ ತಾಯಿ, ಬಿಡುವ ಕಾಲವಲ್ಲ" ಎಂದರು. ಆಯುರ್ವೇದದ ಋತುಚರ್ಯೆಯೂ ಇದನ್ನೇ ಹೇಳುತ್ತದೆ: ಹೇಮಂತ, ಶಿಶಿರಗಳಲ್ಲಿ ದೇಹಬಲವೂ ಜಠರಾಗ್ನಿಯೂ ಹೆಚ್ಚು, ಆದ್ದರಿಂದ ಅರ್ಧ ಶಕ್ತಿ ಖರ್ಚಾಗುವಷ್ಟು ವ್ಯಾಯಾಮ ಮಾಡಬೇಕು. ಹಾಗಿದ್ದರೆ ನನ್ನನ್ನು ತಡೆಯುತ್ತಿದ್ದುದು ಏನು? ಅದನ್ನು ತಿಳಿಯಲು ಎರಡು ಚಳಿಗಾಲಗಳಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ. ಎಲ್ಲಕ್ಕೂ ಒಂದೇ ಅಳತೆ, ಕೆಂಪು ಚುಕ್ಕೆ. ಒಂದು ದಾರಿಗೆ ನವೆಂಬರ್ ಸಿಕ್ಕಿತು, ಇನ್ನೊಂದಕ್ಕೆ ಜನವರಿ. ಆದ್ದರಿಂದ ತಕ್ಕಡಿ ಪೂರ್ತಿ ಸಮವಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲನೆಯದು ಕುಂದವಾಡ ಕೆರೆ. ಬೆಳಗಿನ ಐದೂವರೆಗೆ ಎದ್ದು, ಸ್ಕೂಟರ್‌ನಲ್ಲಿ ಕೆರೆಗೆ ಹೋಗಿ, ಒಬ್ಬಳೇ ನಡೆಯುವುದು. ಸೌಂದರ್ಯಕ್ಕೆ ಅಂಕ ಕೊಡುವುದಾದರೆ ಉಳಿದ ಮೂರೂ ಇದರ ಹತ್ತಿರ ಬರುವುದಿಲ್ಲ. ನೀರಿನ ಮೇಲೆ ತೆಳುವಾದ ಮಂಜು, ರೆಕ್ಕೆ ಬಿಚ್ಚಿ ಕುಳಿತ ನೀರುಕಾಗೆಗಳು, ದೂರದಲ್ಲಿ ಹೆದ್ದಾರಿಯ ಲಾರಿಗಳ ಸದ್ದು. ಅಲ್ಲಿ ನಡೆದ ದಿನ ತರಗತಿಯಲ್ಲಿ ನನ್ನ ದನಿಯೇ ಬೇರೆಯಾಗಿರುತ್ತಿತ್ತು. ನವೆಂಬರ್‌ನಲ್ಲಿ 21 ದಿನ ಹೋದೆ. ಡಿಸೆಂಬರ್‌ನಲ್ಲಿ 8 ದಿನ.

ಚಳಿಯೇ ಕಾರಣ ಎಂದು ಆಗ ಅಂದುಕೊಂಡಿದ್ದೆ. ಆದರೆ ಸ್ವೆಟರ್ ಹಾಕಿಕೊಂಡು ಹತ್ತು ನಿಮಿಷ ನಡೆದರೆ ನಮ್ಮ ಊರಿನ ಚಳಿ ಮೈಬಿಟ್ಟು ಹೋಗುತ್ತದೆ. ನನ್ನನ್ನು ಹಾಸಿಗೆಗೆ ಕಟ್ಟಿಹಾಕಿದ್ದು ಕತ್ತಲೆ. ಪಂಚಾಂಗ ತೆಗೆದು ನೋಡಿದೆ. ಮೇ ಕೊನೆಯಲ್ಲಿ ಇಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಹುಟ್ಟುತ್ತಾನೆ. ನವೆಂಬರ್ ನಡುವಿಗೆ ಅದು 6.25 ದಾಟುತ್ತದೆ, ಡಿಸೆಂಬರ್ ಕೊನೆಗೆ 6.50. ಸಂಕ್ರಾಂತಿ ಬಂದರೆ ಬೇಗ ಬೆಳಗಾಗುತ್ತದೆ ಎಂದು ನಾವೆಲ್ಲ ಹೇಳುತ್ತೇವಲ್ಲ, ಬೆಳಗಿನ ಮಟ್ಟಿಗೆ ಅದು ನಿಜವಲ್ಲ. ಸಂಕ್ರಾಂತಿಯ ಹೊತ್ತಿಗೆ ಸೂರ್ಯೋದಯ 6.55ರ ಹತ್ತಿರ ಬರುತ್ತದೆ, ಜನವರಿ ಮುಗಿಯುವವರೆಗೂ ಅಲ್ಲಿಂದ ಕದಲುವುದಿಲ್ಲ. ಭೂಮಿ ಜನವರಿಯ ಮೊದಲ ವಾರದಲ್ಲಿ ಸೂರ್ಯನಿಗೆ ಅತಿ ಹತ್ತಿರವಿದ್ದು ತನ್ನ ಕಕ್ಷೆಯಲ್ಲಿ ವೇಗವಾಗಿ ಸಾಗುತ್ತದೆ. ಅದರ ಅಕ್ಷದ ಓರೆಯೂ ಇದರ ಜೊತೆ ಸೇರಿ, ಸೂರ್ಯ ನೆತ್ತಿಗೆ ಬರುವ ಹೊತ್ತು ದಿನದಿನಕ್ಕೆ ಸ್ವಲ್ಪ ತಡವಾಗುತ್ತದೆ. ಹಗಲು ಉದ್ದವಾಗುತ್ತಿದ್ದರೂ ಆ ಉದ್ದವೆಲ್ಲ ಸಂಜೆಗೆ ಸೇರುತ್ತದೆ. ಮಕ್ಕಳಿಗೆ ಭೂಮಿಯ ಚಲನೆಯ ಪಾಠ ಇಷ್ಟು ವರ್ಷ ಹೇಳಿದವಳಿಗೆ, ಅದು ನನ್ನ ಹಾಸಿಗೆಯವರೆಗೂ ಬಂದು ನನ್ನನ್ನು ಹಿಡಿದಿಟ್ಟಿದೆ ಎಂದು ಹೊಳೆದದ್ದು ಆವತ್ತು.

ಕತ್ತಲೆಯಲ್ಲಿ ಹೆಣ್ಣುಮಗಳು ಒಬ್ಬಳೇ ಹೋಗುವುದಕ್ಕೆ ಮನೆಯವರ ಆತಂಕ ಬೇರೆ. ಇನ್ನೊಂದು ತೊಂದರೆ ಹೊಗೆ. ಕಸ ಗುಡಿಸಿ ಬೆಂಕಿ ಹಚ್ಚಿ ಮೈ ಕಾಯಿಸಿಕೊಳ್ಳುವವರು ದಾರಿಯುದ್ದಕ್ಕೂ ಇರುತ್ತಾರೆ. ನಸುಕಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ ಭಾರವಾಗಿ ನಿಂತಿರುವುದರಿಂದ ಆ ಹೊಗೆ ಮೇಲೇರದೆ ನಮ್ಮ ಮೂಗಿನ ಎತ್ತರದಲ್ಲೇ ತೇಲುತ್ತದೆ. ದಮ್ಮು ಇರುವವರು, ಬಿ.ಪಿ. ಇರುವವರು ಡಿಸೆಂಬರ್‌ನ ನಸುಕಿನಲ್ಲಿ ಹೊರಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಚಳಿಗೆ ರಕ್ತನಾಳಗಳು ಕುಗ್ಗಿ ಒತ್ತಡ ಏರುತ್ತದೆ.

ಜನವರಿಗೆ ಜಿಮ್ ಸೇರಿದೆ. ಮೂರು ತಿಂಗಳಿಗೆ 4,500 ರೂಪಾಯಿ. ಹಣ ಕಟ್ಟಿದ್ದೇನೆ, ಬಿಟ್ಟರೆ ನಷ್ಟ ಎಂಬ ಭಯ ನನ್ನನ್ನು ಎಬ್ಬಿಸುತ್ತದೆ ಎಂದು ನಂಬಿದ್ದೆ. ಜನವರಿಯಲ್ಲಿ 17 ದಿನ ಎಬ್ಬಿಸಿತು, ಫೆಬ್ರುವರಿಯಲ್ಲಿ 9, ಮಾರ್ಚ್‌ನಲ್ಲಿ 2. ಒಟ್ಟು 28 ದಿನ, ಎಂದರೆ ದಿನಕ್ಕೆ ಸುಮಾರು 160 ರೂಪಾಯಿ. ಕಟ್ಟಿದ ಹಣದ ಭಯ ಐದಾರು ವಾರ ಬಾಳುತ್ತದೆ, ಆಮೇಲೆ ಮನಸ್ಸು ಆ ಹಣವನ್ನು ಹೋದದ್ದೆಂದು ಬರೆದುಹಾಕುತ್ತದೆ. ಜೊತೆಗೆ, ಮಹಿಳೆಯರಿಗೆಂದು ಹೇಳಿದ್ದ ಬೆಳಗಿನ ಹೊತ್ತನ್ನು ಫೆಬ್ರುವರಿಯಲ್ಲಿ ಒಂದು ಮಾತೂ ಕೇಳದೆ ಮಧ್ಯಾಹ್ನಕ್ಕೆ ಬದಲಾಯಿಸಿದರು. ಶಾಲೆಗೆ ಹೋಗುವವಳು ಮಧ್ಯಾಹ್ನ ಹೇಗೆ ಬರಲಿ ಎಂದರೆ ಉತ್ತರವಿಲ್ಲ, ಉಳಿದ ಹಣ ಕೇಳಿದರೆ ಅದೂ ಇಲ್ಲ. ಆ ಸಿಟ್ಟು ಇನ್ನೂ ಆರಿಲ್ಲ. ಸೇರುವ ಮೊದಲು ಹೊತ್ತು ಬದಲಾದರೆ ಏನು ಮಾಡುತ್ತೀರಿ ಎಂದು ಕೇಳಿ, ಬರಹದಲ್ಲಿ ಪಡೆಯಿರಿ.

ಆದರೂ ಜಿಮ್ ಒಂದು ವಿಷಯದಲ್ಲಿ ಎಲ್ಲವನ್ನೂ ಮೀರಿಸಿತು. ಆ 28 ದಿನಗಳಲ್ಲೇ ನನ್ನ ಮೊಣಕಾಲು ಗಟ್ಟಿಯಾಯಿತು. ಕುಕ್ಕರಗಾಲಿನಲ್ಲಿ ಕುಳಿತು ಕೈ ಊರದೆ ಎದ್ದೆ. ಬರೀ ನಡಿಗೆ ಅದನ್ನು ಕೊಟ್ಟಿರಲಿಲ್ಲ.

ಎರಡನೆಯ ಚಳಿಗಾಲ ಜಮಖಾನದಿಂದ ಶುರುವಾಯಿತು. ಮನೆಯಲ್ಲೇ ಸೂರ್ಯನಮಸ್ಕಾರ. ನಮ್ಮ ಸೀಮೆಗೆ ಇದು ಹೊಸದಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರು ಊರೂರಿನ ಮಕ್ಕಳಿಗೆ ಯೋಗ, ವ್ಯಾಯಾಮ ಕಲಿಸಿದವರು, ತಾವೂ ನೂರು ದಾಟಿ ಬದುಕಿದವರು. ಅಪ್ಪಾಜಿ ಅವರ ಹೆಸರೆತ್ತಿದಾಗಲೆಲ್ಲ ಎದ್ದು ಕುಳಿತು ಮಾತಾಡುತ್ತಾರೆ. ರಥಸಪ್ತಮಿಯ ದಿನ 108 ನಮಸ್ಕಾರ ಹಾಕುವ ರೂಢಿಯನ್ನೇ ಗುರಿಯಾಗಿ ಇಟ್ಟುಕೊಂಡೆ. ದಿನಕ್ಕೆ 12ರಿಂದ ಆರಂಭಿಸಿ ಏರಿಸುತ್ತಾ ಹೋಗುವುದು. ನವೆಂಬರ್ 10ರಿಂದ ಡಿಸೆಂಬರ್ 20ರವರೆಗಿನ 41 ದಿನಗಳಲ್ಲಿ 33 ಚುಕ್ಕೆ ಬಿದ್ದವು. ಸ್ಕೂಟರ್ ಬೇಡ, ಬೆಳಕು ಬೇಡ, ಯಾರ ಅನುಮತಿಯೂ ಬೇಡ. ಖರ್ಚು ಸೊನ್ನೆ.

ಇಷ್ಟು ಒಳ್ಳೆಯ ಲೆಕ್ಕವಿದ್ದೂ ಇದಕ್ಕೆ ನಾನು ಮೊದಲ ಸ್ಥಾನ ಕೊಡಲಾರೆ. ಚುಕ್ಕೆಯ ಪಕ್ಕದಲ್ಲಿ ಸಂಖ್ಯೆಯನ್ನೂ ಬರೆಯುತ್ತಿದ್ದೆ. 12, 16, 24ರವರೆಗೆ ಏರಿದ್ದು ಡಿಸೆಂಬರ್ ಎರಡನೆಯ ವಾರದಲ್ಲಿ 12ಕ್ಕೆ ಇಳಿಯಿತು, ಆಮೇಲೆ 6ಕ್ಕೆ. ಮನೆಯೊಳಗಿನ ವ್ಯಾಯಾಮಕ್ಕೆ ಬೇಲಿ ಇರುವುದಿಲ್ಲ. ಕುಕ್ಕರ್ ಕೂಗುತ್ತದೆ, ಮಗ ಡಬ್ಬಿ ಕೇಳುತ್ತಾನೆ, ಹಾಲಿನವನು ಬಾಗಿಲು ಬಡಿಯುತ್ತಾನೆ. ಎದ್ದು ಹೋದವಳು ಮತ್ತೆ ಜಮಖಾನಕ್ಕೆ ಬರುವಷ್ಟರಲ್ಲಿ ಮೈ ತಣ್ಣಗಾಗಿರುತ್ತದೆ. ಚಳಿಯಲ್ಲಿ ಮೈ ಸಡಿಲಾಗುವ ಮೊದಲೇ ಬಾಗಿ ಒಮ್ಮೆ ಸೊಂಟ ಹಿಡಿದುಕೊಂಡಿತು. ಅಂದಿನಿಂದ ಐದು ನಿಮಿಷ ಕೈಕಾಲು ಆಡಿಸದೆ ಮೊದಲ ನಮಸ್ಕಾರ ಹಾಕುವುದಿಲ್ಲ.

ನಾಲ್ಕನೆಯದನ್ನು ನಾನು ಆರಿಸಿದ್ದಲ್ಲ. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳಿದ್ದಾಳೆ, ನನಗಿಂತ ಹತ್ತು ವರ್ಷ ಚಿಕ್ಕವಳು. ದಿನವಿಡೀ ಮೆಷಿನ್ ಮುಂದೆ ಕುಳಿತು ಬೆನ್ನು ಬಿಗಿಯುತ್ತದೆ ಎನ್ನುತ್ತಿದ್ದಳು. ಡಿಸೆಂಬರ್ 21ರ ಸಂಜೆ ಗೇಟಿನ ಹತ್ತಿರ ನಿಂತು, "ಅಕ್ಕಾ, ನಾಳೆಯಿಂದ ಐದೂಕಾಲಿಗೆ ನಾನು ಇಲ್ಲಿ ನಿಂತಿರುತ್ತೇನೆ. ನೀವು ಬರದಿದ್ದರೆ ನಾನೂ ವಾಪಸ್ ಹೋಗಿ ಮೆಷಿನ್ ಮುಂದೆ ಕೂರುತ್ತೇನೆ" ಎಂದಳು. "ನಾಳೆ ಯಾಕಮ್ಮ, ಚಪ್ಪಲಿ ಬದಲಿಸಿ ಬರುತ್ತೇನೆ, ಇರು" ಎಂದು ಆವತ್ತೇ ಹೊರಟೆ.

ಶಾಲೆ ಬಿಡುವುದು ನಾಲ್ಕೂವರೆಗೆ. ಐದೂಕಾಲಿಗೆ ಹೊರಟರೆ ಆರರವರೆಗೆ ಮುಕ್ಕಾಲು ಗಂಟೆ. ವಾರಕ್ಕೆ ಐದು ದಿನವಾದರೂ 225 ನಿಮಿಷ, ವೈದ್ಯರು ಕೇಳಿದ್ದಕ್ಕಿಂತ ಹೆಚ್ಚು. ಪಂಚಾಂಗವೂ ಸಂಜೆಯ ಪಕ್ಷವನ್ನೇ ಹಿಡಿಯಿತು. ಅತಿ ಬೇಗ ಸೂರ್ಯ ಮುಳುಗುವುದು ನವೆಂಬರ್‌ನಲ್ಲಿ, 5.55ರ ಸುಮಾರಿಗೆ. ಡಿಸೆಂಬರ್ ಕೊನೆಗಾಗಲೇ ಆರು ದಾಟಿರುತ್ತದೆ, ಸಂಕ್ರಾಂತಿಗೆ 6.15. ಬೆಳಗು ದಿನದಿನಕ್ಕೆ ಹಿಂದೆ ಸರಿಯುತ್ತಿದ್ದ ಆ ದಿನಗಳಲ್ಲೇ ಸಂಜೆ ನಮ್ಮ ಕಡೆಗೆ ಸರಿಯುತ್ತಿತ್ತು. ಹಗಲಿನ ಬಿಸಿಲುಂಡ ಮೈ ಆಗ ಸಡಿಲವಾಗಿರುತ್ತದೆ, ಮೊದಲ ಹೆಜ್ಜೆಯಿಂದಲೇ ವೇಗ ಸಿಗುತ್ತದೆ.

ಡಿಸೆಂಬರ್ 21ರಿಂದ ಫೆಬ್ರುವರಿ 15ರವರೆಗೆ 57 ದಿನ. ನಡುವೆ ಅವಳ ತಾಯಿಗೆ ಹುಷಾರಿಲ್ಲದೆ ಒಂಬತ್ತು ದಿನ ರಾಣೆಬೆನ್ನೂರಿಗೆ ಹೋಗಿದ್ದಳು. ಅವಳಿದ್ದ 48 ದಿನಗಳಲ್ಲಿ 43 ದಿನ ನಡೆದೆವು. ಅವಳಿಲ್ಲದ ಒಂಬತ್ತರಲ್ಲಿ ನಾನು ನಡೆದದ್ದು ಮೂರೇ ದಿನ. ಅದೇ ಬೀದಿ, ಅದೇ ಹೊತ್ತು, ಅದೇ ಬೆಳಕು, ಅದೇ ನಾನು. ಇಡೀ ಕ್ಯಾಲೆಂಡರ್‌ನಲ್ಲಿ ನನ್ನನ್ನು ಅತಿ ಹೆಚ್ಚು ಯೋಚನೆಗೆ ಹಚ್ಚಿದ ಸಾಲು ಇದು. ನನ್ನಲ್ಲಿ ಮನೋಬಲ ಕಡಿಮೆ ಎಂದು ವರ್ಷಗಟ್ಟಲೆ ನನ್ನನ್ನು ನಾನು ಬೈದುಕೊಂಡಿದ್ದೆ. ಗೇಟಿನ ಬಳಿ ಒಬ್ಬರು ಕಾದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಸಂಜೆಗೆ ಅದರದೇ ಕಂಟಕಗಳಿವೆ. ದಾವಣಗೆರೆಯಲ್ಲಿ ಸಂಜೆ ಐದೂವರೆ ಎಂದರೆ ಮಂಡಕ್ಕಿ, ಮೆಣಸಿನಕಾಯಿಯ ಹೊತ್ತು. ಪ್ರತಿ ತಿರುವಿನಲ್ಲೂ ಕಾದ ಎಣ್ಣೆಯ ಘಮ. ಚಳಿಗೆ ಹಸಿವೂ ಹೆಚ್ಚು. ಶನಿವಾರ ಮಾತ್ರ ತಿನ್ನುವುದು, ಉಳಿದ ದಿನ ಆ ಬೀದಿಗೇ ಹೋಗದಿರುವುದು ಎಂದು ಇಬ್ಬರೂ ಒಪ್ಪಿಕೊಂಡೆವು, ಪಾಲಿಸಿದೆವು. ಪರೀಕ್ಷೆಯ ಪತ್ರಿಕೆಗಳು, ನೆಂಟರು, ಸಭೆಗಳು ಸಂಜೆಗೇ ಬರುತ್ತವೆ ಎಂಬುದೂ ನಿಜ. ಬೆಳಗಿನ ಐದೂವರೆಯನ್ನು ಯಾರೂ ನಮ್ಮಿಂದ ಕೇಳುವುದಿಲ್ಲ, ಅದೊಂದು ಬಲ ಕೆರೆಯ ದಂಡೆಗೆ ಇತ್ತು.

ಆ ಒಂಬತ್ತು ದಿನಗಳಲ್ಲಿ ನಡೆಯದ ಆರು ದಿನವೂ ಪೂರ್ತಿ ಖಾಲಿಯಾಗಲಿಲ್ಲ. ನಾಲ್ಕು ದಿನ ಜಮಖಾನ ಹಾಸಿ ಹನ್ನೆರಡು ನಮಸ್ಕಾರ ಹಾಕಿದೆ. ಈಗ ನನ್ನ ಕ್ರಮವೂ ಅದೇ. ಸಂಜೆಯ ನಡಿಗೆ ಮುಖ್ಯ, ಅದು ತಪ್ಪಿದ ದಿನಕ್ಕೆ ಜಮಖಾನ. ಜಿಮ್ ಕೊಟ್ಟ ಬಲವನ್ನು ಉಳಿಸಿಕೊಳ್ಳಲು ಅಪ್ಪಾಜಿಯ ಮುಂದೆ ವಾರಕ್ಕೆ ಎರಡು ದಿನ ಬಸ್ಕಿ ಹೊಡೆಯುತ್ತೇನೆ, ಅವರು ಎಣಿಸುತ್ತಾರೆ. ಹಣೆಯಲ್ಲಿ ಬೆವರು ಮೂಡಿ ಬಾಯಿಂದ ಉಸಿರು ಬರತೊಡಗಿದರೆ "ಸಾಕು" ಎನ್ನುತ್ತಾರೆ.

ಒಂದು ದಿನ ತಪ್ಪಿದರೆ ಎಲ್ಲ ಹಾಳಾಯಿತು ಎಂದು ಕೈಚೆಲ್ಲುವವರಿಗೆ ಒಂದು ಮಾತು. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಹೊಸ ರೂಢಿ ಬೇರೂರಲು ಎಷ್ಟು ದಿನ ಬೇಕೆಂದು ಅಳೆದಿದ್ದರು. ಸರಾಸರಿ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ಬಿಟ್ಟುಹೋದದ್ದು ಲೆಕ್ಕವನ್ನು ಹೇಳಿಕೊಳ್ಳುವಷ್ಟು ಕೆಡಿಸಲಿಲ್ಲ. ಮೊದಲ ಚಳಿಗಾಲದಲ್ಲಿ ಇದು ಗೊತ್ತಿದ್ದರೆ ಡಿಸೆಂಬರ್ ಅಷ್ಟು ಬರಿದಾಗುತ್ತಿರಲಿಲ್ಲ.

ಎರಡನೆಯ ಮಾರ್ಚ್‌ನಲ್ಲಿ ಸಕ್ಕರೆ 5.8 ಬಂತು. ಮೆಣಸಿನಕಾಯಿ ಕಡಿಮೆಯಾದದ್ದಕ್ಕೂ ಅದರಲ್ಲಿ ಪಾಲಿದೆ. ನನಗೆ ಅದಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಚಿತ್ರದುರ್ಗದ ಕೋಟೆ. ಮೊದಲ ವರ್ಷ ಡಿಸೆಂಬರ್‌ನಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ, ತುಪ್ಪದ ಕೊಳದ ಬತೇರಿಯ ಏರಿನಲ್ಲಿ ಐದು ಕಡೆ ನಿಂತಿದ್ದೆ. ಎರಡನೆಯ ವರ್ಷ ಜನವರಿ ಕೊನೆಯಲ್ಲಿ ಒಂದೇ ಕಡೆ ನಿಂತೆ, ಅದೂ ಹಿಂದುಳಿದ ಹುಡುಗಿಯೊಬ್ಬಳಿಗಾಗಿ.

ಸಂಜೆಯೇ ಇಲ್ಲದವರು ಏನು ಮಾಡಬೇಕು? ನನ್ನ ಸಹೋದ್ಯೋಗಿಯ ಯಜಮಾನರಿಗೆ ಮಂಡಿಪೇಟೆಯಲ್ಲಿ ಅಂಗಡಿ ಇದೆ. ಬಾಗಿಲು ಹಾಕುವಷ್ಟರಲ್ಲಿ ರಾತ್ರಿ ಒಂಬತ್ತಾಗುತ್ತದೆ, ಬೆಳಗ್ಗೆ ತೆರೆಯುವುದು ಹತ್ತಕ್ಕೆ. ಅವರಿಗೆ ಕ್ಯಾಲೆಂಡರ್ ತೋರಿಸಿ, ಐದೂವರೆಯ ಅಲಾರಂ ಬಿಟ್ಟುಬಿಡಿ ಎಂದೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಅವರು ಪಂಚಾಂಗದ ಸೂರ್ಯೋದಯ ನೋಡಿಕೊಂಡೇ ಹೊರಡುತ್ತಾರೆ, ಜನವರಿಯಲ್ಲಿ ಏಳು ಗಂಟೆಗೆ. ಪಕ್ಕದ ಅಂಗಡಿಯವರೂ ಜೊತೆಗಿರುತ್ತಾರೆ. ಕುಂದವಾಡ ಕೆರೆಯ ಮಂಜು ಅಷ್ಟು ಹೊತ್ತಿಗೆ ಇನ್ನೂ ಕರಗಿರುವುದಿಲ್ಲವಂತೆ.