ವಿಕ್ಟ್ರಾನ್ ಸ್ಮಾರ್ಟ್‌ಸೋಲಾರ್ 75/15: ಚಿಕ್ಕ ಬ್ಯಾಟರಿಗೆ ತಗೋಬಹುದಾ?

ನಾಲ್ಕು ಲೈಟು, ಒಂದು ರೂಟರ್, ಒಂದು ಫ್ಯಾನು ಓಡಿಸೋ 12 ವೋಲ್ಟ್ ಬ್ಯಾಟರಿಗೆ ಈ ಸೋಲಾರ್ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್‌ಗೂ ಬ್ಯಾಟರಿಗೂ ಮಧ್ಯೆ ಕೂತು ಚಾರ್ಜ್ ನೋಡ್ಕೊಳ್ಳೋ ಡಬ್ಬ) ಧಾರಾಳವಾಗಿ ಸಾಕು, ನನಗಂತೂ ತುಂಬಾ ಇಷ್ಟ ಆಗಿದೆ. ಆದ್ರೆ ಎಲ್ಲರಿಗೂ ಇದೇ ಬೇಕಾ ಅಂದ್ರೆ ಇಲ್ಲ, ಅದು ನಿಮ್ಮ ಪ್ಯಾನೆಲ್ ಮೇಲೆ ಹೋಗುತ್ತೆ.

ಪ್ಯಾನೆಲ್ ಹಿಂದೆ ಅಂಟಿಸಿರೋ ಸ್ಟಿಕ್ಕರ್ ಮೊದಲು ಓದಿ. 36 ಸೆಲ್ ಇರೋ 100 ವ್ಯಾಟ್ ಪ್ಯಾನೆಲ್ ಆದ್ರೆ ಸುಮಾರು 18 ವೋಲ್ಟಲ್ಲಿ ಕೆಲಸ ಮಾಡುತ್ತೆ, ಅದಕ್ಕೆ ಒಳ್ಳೇ ಪಿಡಬ್ಲ್ಯೂಎಂ (ಸರಳ ಜಾತಿಯ ಕಂಟ್ರೋಲರ್) ಹಾಕಿದ್ರೂ ನಡೆಯುತ್ತೆ, ನಷ್ಟ ಇದೆ ಆದ್ರೆ ತೀರಾ ದೊಡ್ಡದಲ್ಲ. ಅದೇ 60 ಸೆಲ್‌ನ 250 ವ್ಯಾಟ್ ಪ್ಯಾನೆಲ್ ತಂದು ಪಿಡಬ್ಲ್ಯೂಎಂಗೆ ಕೊಟ್ರೆ ಅದು 30 ವೋಲ್ಟನ್ನ ಎಳ್ಕೊಂಡು ಬಂದು ಬ್ಯಾಟರಿಯ 13 ವೋಲ್ಟಿಗೆ ಇಳಿಸಿಬಿಡುತ್ತೆ, ಕರೆಂಟು ಮಾತ್ರ ಅದೇ 8 ಆಂಪ್ಸ್ ಚಿಲ್ಲರೆ, ಅಂದ್ರೆ ಕೈಗೆ ಸಿಗೋದು ಹೆಚ್ಚುಕಮ್ಮಿ 110 ವ್ಯಾಟ್, ಉಳಿದಿದ್ದು ಹೋಯ್ತು. ಎಂಪಿಪಿಟಿ, ಅಂದ್ರೆ ಈ 75/15 ತರದ ಕಂಟ್ರೋಲರ್, ಆ ಜಾಸ್ತಿ ವೋಲ್ಟೇಜನ್ನ ಆಂಪ್ಸಿಗೆ ಬದಲಾಯಿಸಿ ಕೊಡುತ್ತೆ, 75/15ರಲ್ಲಿ ಗರಿಷ್ಠ 15 ಆಂಪ್ಸ್ ತನಕ.

ಹೆಸರಲ್ಲಿರೋ 75 ಅಂದ್ರೆ ಪ್ಯಾನೆಲ್ ಕಡೆಯ ಗರಿಷ್ಠ ವೋಲ್ಟೇಜ್, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. 15 ಆಂಪ್ಸ್‌ಗಿಂತ ಜಾಸ್ತಿ ಚಾರ್ಜ್ ಕೊಡೋ ಶಕ್ತಿ ಪ್ಯಾನೆಲ್‌ಗೆ ಇದ್ರೆ ಕಂಟ್ರೋಲರ್ ತಾನೇ ತಡೆದು ನಿಲ್ಲಿಸುತ್ತೆ, ಆದ್ರೆ 75 ವೋಲ್ಟ್ ದಾಟಿದ್ರೆ ಸುಟ್ಟೇ ಹೋಗ್ಬಹುದು. 60 ಸೆಲ್‌ನ ಒಂದು ಪ್ಯಾನೆಲ್‌ಗೆ ಲೋಡ್ ಇಲ್ದಾಗ 38 ವೋಲ್ಟ್ ಹತ್ರ ಬರುತ್ತೆ, ಎರಡನ್ನ ಸೀರೀಸ್‌ಗೆ ಹಾಕಿದ್ರೆ ಅಲ್ಲಿಗೇ 76, ಚಳಿ ಇರೋ ಬೆಳಗ್ಗೆ ಇನ್ನೂ ಏರುತ್ತೆ. ಹಾಗೆ ಜೋಡಿಸೋ ಪ್ಲಾನ್ ಇದ್ರೆ 100 ವೋಲ್ಟ್ ಮಾಡೆಲ್ಲೇ ನೋಡಿ.

ಡಬ್ಬದ ಮೇಲೆ ಸ್ಕ್ರೀನ್ ಇಲ್ಲ, ಎಲ್ಲಾ ಮೊಬೈಲಲ್ಲಿ ಬ್ಲೂಟೂತ್ ಮೂಲಕ. ಫೋನ್ ಬಳಸೋಕೆ ಬೇಜಾರು ಪಡೋ ಮನೆ ಹಿರಿಯರಿಗೆ ಇದು ಕಷ್ಟ ಆಗ್ಬಹುದು, ಆದ್ರೆ ನನಗೆ ಈ ಆ್ಯಪಿನ ಹಿಸ್ಟರಿ ಪೇಜೇ ಅತ್ಯಂತ ಉಪಯೋಗದ್ದು. 30 ದಿನದ್ದು ಸಾಲಾಗಿ ಕಂಬ ಕಂಬ ತೋರಿಸುತ್ತೆ, ಯಾವ ದಿನ ಎಷ್ಟು ಬಂತು, ಬಲ್ಕ್ (ಪೂರ್ತಿ ಕರೆಂಟಲ್ಲಿ ತುಂಬೋ ಮೊದಲ ಹಂತ) ಎಷ್ಟು ಹೊತ್ತು, ಅಬ್ಸಾರ್ಪ್ಶನ್ (ಕೊನೇ ಭಾಗ ನಿಧಾನಕ್ಕೆ ತುಂಬೋದು) ಎಷ್ಟು, ಫ್ಲೋಟ್ (ತುಂಬಿದ್ಮೇಲೆ ಹಾಗೇ ಕಾಯ್ಕೊಳ್ಳೋದು) ಎಷ್ಟು ಅಂತ. ದಿನಾ ಬರೀ ಬಲ್ಕೇ ಕಾಣ್ತಿದ್ರೆ ಬ್ಯಾಟರಿ ತುಂಬ್ತಾನೇ ಇಲ್ಲ ಅಂತರ್ಥ, ಪ್ಯಾನೆಲ್ ಸಾಲ್ತಿಲ್ಲ ಅಥವಾ ಬಳಕೆ ಜಾಸ್ತಿ ಆಗಿದೆ. ಲೆಡ್ ಆಸಿಡ್ ಬ್ಯಾಟರಿನ ಹಾಗೇ ಅರೆಹೊಟ್ಟೆಯಲ್ಲಿ ಇಟ್ರೆ ಪಾಪ ಬೇಗ ಸಾಯುತ್ತೆ.

ಬ್ಯಾಟರಿ ಟೈಪನ್ನ ಆ್ಯಪಲ್ಲೇ ಸೆಟ್ ಮಾಡಿ, ಹಾಗೇ ಬಿಡಬೇಡಿ. ಲೆಡ್ ಆಸಿಡ್‌ಗೆ ಅಬ್ಸಾರ್ಪ್ಶನ್ 14.4 ವೋಲ್ಟ್, ಫ್ಲೋಟ್ 13.8 ಹತ್ತಿರ, ಲಿಥಿಯಂ ಐರನ್ ಫಾಸ್ಫೇಟ್‌ಗೆ 14.2 ಮತ್ತು 13.5, ಲಿಥಿಯಂ ಇದ್ರೆ ಈಕ್ವಲೈಸೇಶನ್ (ಆಗಾಗ ಬೇಕಂತಲೇ ಜಾಸ್ತಿ ವೋಲ್ಟೇಜ್ ಕೊಡೋ ಚಾರ್ಜ್) ಆಫ್ ಇರಲೇಬೇಕು. ವೈರಿಂಗ್ ಮಾಡುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಬಿಚ್ಚುವಾಗ ಉಲ್ಟಾ, ಬ್ಯಾಟರಿ ಪ್ಲಸ್ ಪಕ್ಕದಲ್ಲೇ ಒಂದು ಫ್ಯೂಸ್.

ಲೋಡ್ ಟರ್ಮಿನಲ್‌ಗೆ ಇನ್ವರ್ಟರ್ ಮಾತ್ರ ಹಾಕ್ಬೇಡಿ, 300 ವ್ಯಾಟ್‌ದೇ 25 ಆಂಪ್ಸ್ ಎಳೆಯುತ್ತೆ, ಅದನ್ನ ಪ್ರತ್ಯೇಕ ಫ್ಯೂಸ್ ಹಾಕಿ ನೇರ ಬ್ಯಾಟರಿಗೇ ಕೊಡಿ. ಲೈಟು, ರೂಟರಿಗೆ ಆ ಟರ್ಮಿನಲ್ ಚೆನ್ನಾಗಿದೆ, ಬ್ಯಾಟರಿ ತೀರಾ ಇಳಿದಾಗ ತಾನೇ ಕಟ್ ಮಾಡುತ್ತೆ.